ಬೇವಿನ ಮರದ ಜೋಲಿಯಲ್ಲಿ ಮಲಗಿದ್ದವರು

ಗುಂಡ್ಲುಪೇಟೆ ಹತ್ತಿರದ ಬೇಗೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೊಲಿಗೆ ಅಂಗಡಿ ಎಂದರೆ ಬಟ್ಟೆಗಿಂತ ಮಾತು ಹೆಚ್ಚು ಬಂದು ಬೀಳುವ ಜಾಗ. ರವಿಕೆ ಅಳತೆ ಕೊಡಲು ಬಂದ ಹೆಂಗಸರು ಬೆಂಚಿನ ಮೇಲೆ ಕೂತು, ಯಾರದೋ ಹೊಲದ ಬದುವಿನಲ್ಲಿ ಯಾರೋ ಕಂಡರಂತೆ, ಮುಚ್ಚಿದ ಬಾಗಿಲು ತಾನಾಗಿ ತೆರೆಯಿತಂತೆ ಎಂದು ಹೇಳುವಾಗ ನಾನು ಒಂದು ದಿನವೂ ಮಿಷನ್ ತುಳಿಯುವುದನ್ನು ನಿಲ್ಲಿಸಿದವಳಲ್ಲ. ಅವರ ಕತೆ ರಂಗೇರುತ್ತಿದ್ದ ಹೊತ್ತಿಗೆ ಸರಿಯಾಗಿ "ತೋಳು ಎಷ್ಟುದ್ದ ಇಡ್ಲಿ?" ಎಂದು ಕೇಳಿಬಿಡುತ್ತಿದ್ದೆ. ಅದು ಜಂಬವಲ್ಲ. ದಿನವಿಡೀ ಟೇಪು ಹಿಡಿದು ಕೂರುವವಳಿಗೆ ಅಳತೆಗೆ ಸಿಗದ್ದು ಯಾವುದೂ ಇಲ್ಲವೇ ಇಲ್ಲ ಅನ್ನಿಸುತ್ತಿತ್ತು, ಅಷ್ಟೆ.

ಈಗ ನಾನೇ ಅಂಥ ಒಂದು ವಿಷಯ ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದನ್ನು ಬಿದ್ದ ಹಾಗೆ ಹೇಳುತ್ತೇನೆ. ನಿಮಗೆ ಏನಾದರೂ ಹೊಳೆದರೆ ಒಳ್ಳೆಯದೇ.

ನನ್ನ ತಮ್ಮ ಮಾದೇವನಿಗೆ ಗುಂಡ್ಲುಪೇಟೆಯಿಂದ ಕಾಡಿನ ಚೆಕ್‌ಪೋಸ್ಟ್ ಇರುವ ಮದ್ದೂರಿನ ಕಡೆ ಹೋಗುವ ದಾರಿಯಲ್ಲಿ ಮೂರೆಕರೆ ಜಮೀನಿದೆ. ಕಾಡಿನಂಚಿಗೆ ಎರಡು ಹೊಲ ಈಚೆ. ಅರಿಶಿನ, ಚೆಂಡುಹೂವು, ಒಂದಿಷ್ಟು ಬಾಳೆ. ಮನೆ ಇರುವುದು ಊರೊಳಗೆ, ಜಮೀನಿನಲ್ಲಿ ಒಂದು ಮೋಟರ್ ಮನೆ ಮತ್ತು ನೀರಿನ ತೊಟ್ಟಿ ಮಾತ್ರ. ಕೆಲವು ವರ್ಷಗಳ ಹಿಂದೆ ಅವನ ತಲೆಗೆ ಒಂದು ಹೊಸ ಯೋಚನೆ ಹೊಕ್ಕಿತು. ಮೈಸೂರಿನ ಕಡೆಯಿಂದ ಶನಿವಾರ ಭಾನುವಾರ ಬರುವ ಜನಕ್ಕೆ ರೂಮು ಬೇಡವಂತೆ, ಮರಕ್ಕೆ ಬಟ್ಟೆ ಕಟ್ಟಿಕೊಂಡು ಬಯಲಲ್ಲಿ ಮಲಗಬೇಕಂತೆ. ಅದಕ್ಕೆ ಹ್ಯಾಮಕ್ ಅನ್ನುತ್ತಾರಂತೆ. ಮೊಬೈಲಿನಲ್ಲಿ ಚಿತ್ರ ತೋರಿಸಿದ. ನೋಡಿ ನನಗೆ ನಗು ಬಂತು. ಹೊಲದ ಕೆಲಸಕ್ಕೆ ಬಂದ ತಾಯಂದಿರು ಕೂಸಿಗೆ ಸೀರೆಯಲ್ಲಿ ಜೋಲಿ ಕಟ್ಟುತ್ತಾರಲ್ಲ, ಅದನ್ನೇ ದೊಡ್ಡವರ ಅಳತೆಗೆ ಹೊಲಿದರೆ ಆಯಿತು.

"ನೀನೇ ವಲ್ಕೊಡಕ್ಕ," ಅಂದ. "ಅಂಗಡೀಲಿ ತರದು ಯಾಕೆ?"

ಛತ್ರಿ ಬಟ್ಟೆಯಂಥ ಹಸಿರು ಬಟ್ಟೆ ತಂದುಕೊಟ್ಟ. ಎರಡು ಪದರ ಮಾಡಿ, ಅಂಚಿಗೆ ಮೂರು ಸಾಲು ಹೊಲಿಗೆ ಹಾಕಿ, ಎರಡು ತುದಿಗೂ ಹಗ್ಗ ಹಾಯುವಷ್ಟು ಮಡಿಕೆ ಬಿಟ್ಟು ಹೊಲಿದೆ. ನನ್ನ ಹೊಲಿಗೆ ಬಿಚ್ಚುವುದಿಲ್ಲ ಎಂಬ ಧೈರ್ಯ ನನಗಿತ್ತು. ಮೊದಲ ಅತಿಥಿಗಳು ಆ ಭಾನುವಾರವೇ ಬರುವವರಿದ್ದರು, ಗಂಡ ಹೆಂಡತಿ ಮತ್ತು ಶಾಲೆಗೆ ಹೋಗುವ ಒಬ್ಬಳು ಮಗಳು. ಅದಕ್ಕೆ ಮುಂಚೆ ಶುಕ್ರವಾರ ರಾತ್ರಿ ನಾವೇ ಒಮ್ಮೆ ಮಲಗಿ ನೋಡೋಣ ಎಂದಾಯಿತು. ಮಾದೇವ, ಅವನ ಹೆಂಡತಿ ಮಣಿ, ನಾನು, ಮೂರೇ ಜನ.

ಜೋಲಿ ಕಟ್ಟಲು ಜಾಗ ಹುಡುಕುವ ಕೆಲಸವೇ ಬೀಳಲಿಲ್ಲ. ಜಮೀನಿನ ನಡುವೆ ಒಂದು ಹಳೆಯ ಬೇವಿನ ಮರ, ನಮ್ಮ ಅಪ್ಪನ ಕಾಲಕ್ಕೇ ದೊಡ್ಡದಾಗಿದ್ದದ್ದು. ಇಬ್ಬರು ಕೈ ಚಾಚಿದರೂ ಬುಡ ತಬ್ಬಲು ಆಗುತ್ತಿರಲಿಲ್ಲ. ಅದರ ಮೂಡಣಕ್ಕೆ ನಾಲ್ಕು ಮಾರು ದೂರದಲ್ಲಿ ಒಂದು ಹೊಂಗೆ. ಎರಡರ ನಡುವೆ ನೆಲ ಸಾರಿಸಿದ ಹಾಗಿತ್ತು. ಒಂದು ಕಲ್ಲಿಲ್ಲ, ಕಳೆಯಿಲ್ಲ. ಯಾಕೆಂದರೆ ವರ್ಷಾನುವರ್ಷ ನಮ್ಮ ಅರಿಶಿನ ಬೇಯಿಸಿದ್ದು ಅದೇ ಬೇವಿನ ನೆರಳಿನಲ್ಲಿ. ಮರದ ಪಡುವಣಕ್ಕೆ ಬುಡಕ್ಕೆ ಒತ್ತಿಕೊಂಡಂತೆ ಗುಂಡಿ ತೋಡಿ ಒಲೆ ಹಾಕಿ, ಕೊಪ್ಪರಿಗೆ ಇಟ್ಟು, ಹಗಲೂ ಇರುಳೂ ಉರಿ ಹಾಕುತ್ತಿದ್ದರು. ಬೆಂದ ಅರಿಶಿನವನ್ನು ಸುತ್ತಲಿನ ನೆಲದಲ್ಲಿ ಹರವುತ್ತಿದ್ದರು. ಬೇಯಿಸುವ ಮಿಷನ್ ಹೊಲಕ್ಕೇ ಬರುವಂತಾದ ಮೇಲೆ ಒಲೆ ನಿಂತು ನಾಲ್ಕು ವರ್ಷವಾಗಿತ್ತು. ಗುಂಡಿಯನ್ನು ಮುಚ್ಚಿ ಸಮ ಮಾಡಿದ್ದರು. ಬೂದಿ ಬಿದ್ದ ನೆಲಕ್ಕೆ ಹುಲ್ಲು ಕಡಿಮೆ, ಹಾವಿನ ಭಯವೂ ಕಡಿಮೆ, ಬೇವಿನ ಗಾಳಿ ಮೈಗೆ ಒಳ್ಳೆಯದು. ಇದಕ್ಕಿಂತ ಜಾಗ ಬೇಕೇ ಎಂದು ಮೂವರೂ ಮಾತಾಡಿಕೊಂಡೆವು.

ಸಂಜೆಯೆಲ್ಲ ನಮ್ಮ ಮಾತು ಆನೆಯದೇ. ಸೋಲಾರ್ ಬೇಲಿಯಲ್ಲಿ ಕರೆಂಟು ಇದೆಯೇ ಎಂದು ಮಾದೇವ ಎರಡು ಸಲ ಸುತ್ತು ಹಾಕಿ ಬಂದ. ಗೇಟಿಗೆ ಬೀಗ ಹಾಕಿದ. ಪಟಾಕಿ ತಂದಿಟ್ಟುಕೊಂಡ. ಹಂದಿ ಬಂದರೆ ಏನು, ಚಿರತೆ ಬಂದರೆ ಏನು ಎಂದೆಲ್ಲ ಲೆಕ್ಕ ಹಾಕಿದೆವು. ಸುತ್ತಲೂ ನೋಡಿದೆವು. ತಲೆ ಎತ್ತಿ ಮೇಲೆ ನೋಡಲಿಲ್ಲ. ಮರದ ಬುಡವನ್ನಂತೂ ಯಾರೂ ಬಗ್ಗಿ ನೋಡಲಿಲ್ಲ. ಹಿಂದಿನ ವಾರ ನಾಲ್ಕು ದಿನ ಬಿಡದೆ ಮಳೆ ಸುರಿದು ನೆಲ ಮೆತ್ತಗಾಗಿತ್ತು. ಅದೂ ನಮಗೆ ಸಂತೋಷದ ಸಂಗತಿಯೇ ಆಗಿತ್ತು, ಧೂಳಿಲ್ಲವೆಂದು.

ಊಟ ಆಯಿತು. ಮುದ್ದೆ, ಅವರೆಕಾಳು ಸಾರು. ಮಣಿ ಮನೆಯಲ್ಲೇ ಶುಕ್ರವಾರದ ತಲೆಸ್ನಾನ ಮುಗಿಸಿ, ಪಾದಕ್ಕೆ ಅರಿಶಿನ ಹಚ್ಚಿಕೊಂಡು ಬಂದಿದ್ದಳು. ಜೋಲಿ ಕಟ್ಟಿದಾಗಿನಿಂದ ಅವಳ ಕಣ್ಣೆಲ್ಲ ಅದರ ಮೇಲೆಯೇ. ಎರಡು ಸಲ ಕೂತು ತೂಗಿಕೊಂಡು ಎದ್ದಳು.

"ಅತ್ಗೆ, ಇವತ್ತು ನಾನು ಮನಿಕ್ಕತೀನಿ ಕಣಿ ಇದ್ರಲ್ಲಿ," ಅಂದಳು.

"ವಲ್ದೋಳು ನಾನು, ಮನಿಕ್ಕಳೋಳು ನೀನಾ?" ಅಂದೆ. "ಕಿತ್ಕಂಡು ಬಿದ್ರೆ ನಿನ್ ಗಂಡ ನನ್ ಮೇಲೆ ಬತ್ತಾನೆ. ಮೊದ್ಲು ನಾನು."

"ಅತ್ಗೆ ಬಿದ್ರೆ ಮಾತ್ರ ಪರವಾಗಿಲ್ವಾ?"

"ನಾನು ಬಿದ್ರೆ ನೆಲಕ್ಕೆ ನೋವಾಯ್ತದೆ ಕಣಮ್ಮಿ."

ಮಾದೇವ ಆಚೆಯಿಂದ "ಅತ್ಗೆ ನಾದ್ನಿ ಜೋಲಿಗೆ ಜಗಳ ಆಡ್ತಾವ್ರೆ ಅಂತ ಊರಿಗೇ ಏಳ್ಬುಡ್ತೀನಿ ನೋಡಿ," ಎಂದು ನಗಾಡಿದ. ಮಣಿ ಇನ್ನೊಂದು ಸಲ ಕೇಳಿದಳು. ನಾನು ಬಿಡಲಿಲ್ಲ. ಹಿರಿಯಳೆಂಬ ಗತ್ತು, ಮತ್ತೆ ನಿಜ ಹೇಳಬೇಕೆಂದರೆ ಆಸೆ. ಐವತ್ತು ದಾಟಿದ ಹೆಂಗಸಿಗೆ ಜೋಲಿಯ ಆಸೆ! ಅವಳು ಮುಖ ಸಣ್ಣ ಮಾಡಿಕೊಂಡು ಮೋಟರ್ ಮನೆಯೊಳಗೆ ಚಾಪೆ ಹಾಸಿ, ಒಳಗಿನಿಂದ ಚಿಲಕ ಹಾಕಿಕೊಂಡಳು. ಮಾದೇವ ಅದರ ತಾರಸಿ ಮೇಲೆ ಹತ್ತಿ ಮಲಗಿದ. ನಾನು ಜೋಲಿಯಲ್ಲಿ.

ರಾತ್ರಿ ಏನೂ ಆಗಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ನನಗೆ ಕೆಟ್ಟ ಕನಸು ಬೀಳಲಿಲ್ಲ, ಭಯವೂ ಆಗಲಿಲ್ಲ. ಒಳ್ಳೆಯ ನಿದ್ದೆ ಬಂತು. ನನ್ನ ಅಜ್ಜಿ ಹೊದಿಸುತ್ತಿದ್ದ ದುಪ್ಪಟಿಯೊಳಗೆ ಸುತ್ತಿಕೊಂಡು ಬಿದ್ದ ಹಾಗಿತ್ತು.

ಬೆಳಕು ಹರಿಯುವ ಮುಂಚೆ ಎಚ್ಚರವಾಯಿತು. ಮೂಡಣದಲ್ಲಿ ಬೂದುಬಣ್ಣ ಬಂದು ಮರಗಿಡಗಳ ಆಕಾರ ಕಾಣುತ್ತಿತ್ತು, ಎಲೆಗಳ ಬಣ್ಣ ಇನ್ನೂ ಬಂದಿರಲಿಲ್ಲ. ಇಳಿದು ಬಾಳೆಯ ಆಚೆಗೆ ಹೋಗಿ ಬಂದೆ. ತೊಟ್ಟಿಯಲ್ಲಿ ಕೈಕಾಲು ತೊಳೆದು, ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದೆ. ಹತ್ತು ನಿಮಿಷವಾಗಿರಬಹುದು, ಹದಿನೈದೂ ಇರಬಹುದು. ಇನ್ನೊಂದು ಗಳಿಗೆ ಮಲಗೋಣ ಎಂದು ತಿರುಗಿ ಬರುವಾಗ ಐದಾರು ಮಾರು ದೂರದಿಂದಲೇ ನೋಡಿದೆ. ಜೋಲಿಯಲ್ಲಿ ಯಾರೋ ಮಲಗಿದ್ದರು.

ಖಾಲಿ ಜೋಲಿ ಹೇಗಿರುತ್ತದೆ, ತುಂಬಿದ ಜೋಲಿ ಹೇಗಿರುತ್ತದೆ ಎಂದು ಹೊಲಿದವಳಿಗೆ ಗೊತ್ತಿರುತ್ತದೆ. ಖಾಲಿಯದು ಹಗ್ಗದ ಹಾಗೆ ಸುರುಟಿಕೊಂಡು ಮೇಲೆ ನಿಲ್ಲುತ್ತದೆ. ಇದು ನೆಲಕ್ಕೆ ಎರಡು ಗೇಣಿರುವಷ್ಟು ಇಳಿದಿತ್ತು. ನಡು ಭಾರವಾಗಿ, ತಲೆಯ ಕಡೆ ಉಬ್ಬಿ, ಬಟ್ಟೆ ಮುಖ ಮುಚ್ಚಿಕೊಂಡು, ಮೆಲ್ಲಗೆ ತೂಗುತ್ತಿತ್ತು. ಬಟ್ಟೆಯ ಅಂಚಿನಿಂದ ಒಂದು ಪಾದ ಹೊರಗೆ ಬಂದಿತ್ತು. ಅಷ್ಟರಲ್ಲಿ ಬಂದಿದ್ದ ಬೆಳಕಿಗೆ ಬಣ್ಣ ಕಂಡಿತು, ಅರಿಶಿನ ಹಚ್ಚಿದ ಪಾದ.

ನನಗೆ ಅನುಮಾನವೇ ಬರಲಿಲ್ಲ. ಮಣಿ. ನಾನು ಎದ್ದು ಹೋಗುವುದನ್ನೇ ಕಾಯುತ್ತಿದ್ದು ಬಂದು ಸೇರಿಕೊಂಡಿದ್ದಾಳೆ. ಮೊದಲು ಒಂಚೂರು ಸಿಟ್ಟು ಬಂತು. ಆಮೇಲೆ, ಪಾಪ, ರಾತ್ರಿಯೆಲ್ಲ ಆಸೆ ಕಟ್ಟಿಕೊಂಡಿದ್ದಳಲ್ಲ ಎನ್ನಿಸಿತು. ಮಲಗಿದವರನ್ನು ಎಬ್ಬಿಸಿ ಜಾಗ ಕೇಳುವುದು ನಮ್ಮ ಮನೆಯಲ್ಲಿ ಯಾರೂ ಮಾಡಿದ್ದಿಲ್ಲ. ಮಲಗಲಿ ಬಿಡು ಎಂದುಕೊಂಡು ಮೋಟರ್ ಮನೆಯ ಪಕ್ಕದಲ್ಲಿ ರಾತ್ರಿ ಅಡುಗೆಗೆ ಹೂಡಿದ್ದ ಮೂರು ಕಲ್ಲಿನ ಒಲೆಯ ಹತ್ತಿರ ಹೋಗಿ ಕೂತೆ. ಅಲ್ಲಿಂದಲೂ ಜೋಲಿ ಕಾಣುತ್ತಿತ್ತು. ಪುಳ್ಳೆ ಜೋಡಿಸುತ್ತಾ, ತಾರಸಿ ಮೇಲಿನವನಿಗೆ ಎಚ್ಚರವಾಗದಂತೆ ಮೆಲ್ಲಗೆ ಕೂಗಿದೆ.

"ಮಣಿ, ಟೀ ಇಡ್ಲಾ?"

ಆ ಪಾದ ಒಳಗೆ ಸರಿಯಿತು. ನಿದ್ದೆಗಣ್ಣಿನವರು ಚಳಿಗೆ ಕಾಲು ಮಡಚಿಕೊಳ್ಳುವ ಹಾಗೆ, ನಿಧಾನವಾಗಿ, ಮೊದಲು ಹಿಮ್ಮಡಿ, ಆಮೇಲೆ ಬೆರಳು.

ಬೆಂಕಿಕಡ್ಡಿ ಗೀರಿದ್ದೆ. ಆಗ ಸದ್ದು ಕೇಳಿತು. ಗಟ್ಟಿ ಬಟ್ಟೆಯ ಅಂಚಿಗೆ ಕತ್ತರಿ ತಾಗಿಸಿ, ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೆ ಸೀಳಿದರೆ ಬರುತ್ತದಲ್ಲ, ಅದೇ ಸದ್ದು. ಆದರೆ ಬಂದದ್ದು ನೆಲದೊಳಗಿಂದ. ಗಾಳಿ ಇರಲಿಲ್ಲ. ಬಾಳೆಯ ಎಲೆಯೂ ಅಲ್ಲಾಡುತ್ತಿರಲಿಲ್ಲ, ನನ್ನ ಕೈಯಲ್ಲಿದ್ದ ಕಡ್ಡಿಯ ಉರಿ ನೆಟ್ಟಗೆ ನಿಂತಿತ್ತು. ತಲೆ ಎತ್ತಿದರೆ ಬೇವಿನ ಮರ ಹೊರಟಿತ್ತು. ಹೊರಟಿತ್ತು ಎಂದೇ ಹೇಳಬೇಕು. ಅಷ್ಟು ದೊಡ್ಡದು ಅಷ್ಟು ನಿಧಾನಕ್ಕೆ ಬಾಗಲು ಶುರು ಮಾಡಿತ್ತು, ಕೂತಿದ್ದ ಹಿರಿಯರು ಕೈ ಊರಿ ಏಳುವ ಹಾಗೆ. ಆಮೇಲೆ ನಿಧಾನ ಉಳಿಯಲಿಲ್ಲ. ಪಡುವಣದ ಕಡೆ ನೆಲ ಕಿತ್ತು ಮೇಲೆದ್ದಿತು. ಮರ ಮೂಡಣಕ್ಕೆ, ಜೋಲಿಯ ಉದ್ದಕ್ಕೆ ಸರಿಯಾಗಿ, ಹೊಂಗೆಯನ್ನೂ ಸೇರಿಸಿಕೊಂಡು ಮಲಗಿತು. ನಾನು ಕೂತ ನೆಲ ನಡುಗಿತು. ಗೊರವಂಕಗಳು ಒಟ್ಟಿಗೆ ಎದ್ದು ಕಿರುಚಿದವು. ಮರ ಇದ್ದ ಕಡೆ ಆಕಾಶ ತೆರೆದುಕೊಂಡು, ನಾವು ಹುಟ್ಟಿದಾಗಿನಿಂದ ಬೆಳಗ್ಗೆ ಬೆಳಕೇ ಬೀಳದಿದ್ದ ನೆಲದ ಮೇಲೆ ಬೆಳಕು ಬಿತ್ತು.

ಆ ಬೆಳಕನ್ನು ನೋಡುತ್ತಾ ಒಂದು ಉಸಿರಿನಷ್ಟು ಹೊತ್ತು ನಾನು ಸುಮ್ಮನೆ ನಿಂತಿದ್ದೆ. ಆಮೇಲೆ ಓಡಿದೆ.

"ಮಣೀ! ಮಣೀ!" ಎಂದು ಕೂಗುತ್ತಾ ಕೊಂಬೆಗಳ ಒಳಗೆ ನುಗ್ಗಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಮುರಿದೆ. ಎಲ್ಲೂ ಹಸಿರು ಬಟ್ಟೆ ಕಾಣಲಿಲ್ಲ, ಎಲೆಯೇ ಎಲೆ. ಮಾದೇವ ತಾರಸಿಯಿಂದ ಹಾರಿ ಕುಂಟುತ್ತಾ ಬಂದು ನನ್ನ ಭುಜ ಹಿಡಿದ.

"ಅಕ್ಕ, ನೀನು ಆಚೆ ಇದ್ದಯಲ್ಲ! ಬದುಕ್ದಯಲ್ಲ! ಯಾಕ್ ಇಂಗೆ ಅಳ್ತಿದ್ದೀಯೆ?"

"ಮಣಿ ಅವ್ಳೆ ಕಣೋ ಒಳಗೆ! ಜೋಲಿಲಿ ಅವ್ಳೆ! ನಾನೇ ಬುಟ್ಟೆ, ನಾನೇ ಮನಿಕ್ಕಳ್ಲಿ ಅಂತ ಬುಟ್ಟೆ!"

ಅವನ ಮುಖ ನಾನು ಮರೆಯಲಾರೆ. ಹಾಗೇ ಕೊಂಬೆಗಳ ಮೇಲೆ ಬಿದ್ದ. ಇಬ್ಬರೂ ಎಳೆದೆವು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ರಾತ್ರಿ ಕೇಳಿದಾಗ ಕೊಟ್ಟಿದ್ದರೆ ಅವಳು ಇಷ್ಟು ಹೊತ್ತಿಗೆ ಎದ್ದು ಬಂದಿರುತ್ತಿದ್ದಳು. ಬೆಳಗ್ಗೆ ಎಬ್ಬಿಸಿದ್ದರೂ ಬದುಕುತ್ತಿದ್ದಳು. ಕೊಡಬೇಕಾದಾಗ ಕೊಡದೆ, ಕೊಡಬಾರದಾಗ ಕೊಟ್ಟೆ.

ಹಿಂದಿನಿಂದ ಚಿಲಕ ತೆಗೆದ ಸದ್ದಾಯಿತು.

"ಏನಾಯ್ತು? ಯಾಕತ್ಗೆ ನನ್ನ ಅಂಗೆ ಕೂಗ್ತಿದ್ದೀರಿ?"

ಮಣಿ ಮೋಟರ್ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೆದರಿದ ಕೂದಲು, ಕೆನ್ನೆಯ ಮೇಲೆ ಚಾಪೆಯ ಬರೆ. ಆಗ ತಾನೇ ನಿದ್ದೆಯಿಂದ ಎದ್ದವಳ ಮುಖ. ಮಾದೇವ ಅವಳನ್ನು ನೋಡಿದ, ನನ್ನನ್ನು ನೋಡಿದ, ಅಲ್ಲೇ ಕೊಂಬೆಯ ಮೇಲೆ ಕುಸಿದು ಕೂತ. ನಾನು ಹೋಗಿ ಅವಳ ಮುಖ, ತೋಳು, ಕೈ ಎಲ್ಲ ಸವರಿ ನೋಡಿದೆ. ನನ್ನ ಕೈಯ ರಕ್ತ ಅವಳ ರವಿಕೆಗೆ ಹತ್ತಿತು.

"ನೀನು ಎದ್ದು ಬಂದಿರ್ಲಿಲ್ವಾ?"

"ಇಲ್ಲ ಅತ್ಗೆ. ಚಿಲ್ಕ ತಗ್ದದ್ದೇ ಈಗ."

ಸಮಾಧಾನದ ಹಿಂದೆಯೇ ಇನ್ನೊಂದು ಭಯ ಬಂತು. ಮಣಿಯಲ್ಲದಿದ್ದರೆ ಮತ್ತೆ ಯಾರು? ದಾರಿ ತಪ್ಪಿದ ಯಾರೋ ಬಡಪಾಯಿ ಬಂದು ಮಲಗಿದ್ದರೆ? ಯಾರದೋ ಮನೆಯ ಹೆಣ್ಣುಮಗಳು ನಮ್ಮ ಮರದಡಿ ಸಿಕ್ಕಿಬಿದ್ದಿದ್ದರೆ? ಮಾದೇವ ಗೇಟಿಗೆ ಓಡಿದ. ಬೀಗ ಹಾಕಿದ ಹಾಗೇ ಇತ್ತು, ಬೇಲಿಯ ತಂತಿ ಎಲ್ಲೂ ಸಡಿಲವಾಗಿರಲಿಲ್ಲ. ಪಕ್ಕದ ಹೊಲದ ಸಿದ್ದಯ್ಯನನ್ನು ಕೂಗಿದ. ಎಪ್ಪತ್ತರ ಮೇಲಾದ ಮನುಷ್ಯ, ಒಂದು ಕಾಲದಲ್ಲಿ ಅದೇ ಮರದಡಿ ನಮ್ಮ ಅರಿಶಿನ ಬೇಯಿಸಿದವನು. ಅವನು ಇನ್ನಿಬ್ಬರನ್ನು ಕರೆದುಕೊಂಡು ಮರ ಕುಯ್ಯುವ ಮಿಷನ್ ತಂದ. ಕೊಂಬೆ ಕಡಿದು, ಕಾಂಡ ತುಂಡು ಮಾಡಿ ಉರುಳಿಸುವ ಹೊತ್ತಿಗೆ ಬಿಸಿಲೇರಿತ್ತು. ಅಷ್ಟು ಹೊತ್ತೂ ನಾವು ಮೂವರೂ ಒಂದು ತೊಟ್ಟು ನೀರು ಕುಡಿಯಲಿಲ್ಲ.

ಜೋಲಿ ಕಾಂಡದ ಕೆಳಗೆ ಮಣ್ಣಿನೊಳಗೆ ಒತ್ತಿಕೊಂಡಿತ್ತು. ನನ್ನ ಹೊಲಿಗೆ ಬಿಚ್ಚಿರಲಿಲ್ಲ, ಬಟ್ಟೆಯೇ ನಡುವೆ ಸೀಳಿತ್ತು. ಅದರೊಳಗೆ ಬೇವಿನ ಎಲೆ, ಮಣ್ಣು. ಬೇರೇನೂ ಇಲ್ಲ. ಒಂದು ಬಳೆಯ ಚೂರಿಲ್ಲ, ಕೂದಲಿಲ್ಲ. ನೆಲದ ಮೇಲೆ ಹೆಜ್ಜೆ ಹುಡುಕಿದೆವು. ಮರ ಕುಯ್ದವರವು ಬಿಟ್ಟರೆ ಮೆತ್ತಗಿನ ನೆಲದಲ್ಲಿ ನನ್ನ ಹೆಜ್ಜೆಗಳು, ರಾತ್ರಿ ಓಡಾಡಿದ ಮಣಿ ಮತ್ತು ಮಾದೇವನ ಹೆಜ್ಜೆಗಳು, ಅಷ್ಟೇ ಸಿಕ್ಕಿದ್ದು.

ಮರ ಬಿದ್ದದ್ದು ಯಾಕೆ ಎಂಬುದನ್ನು ಸಿದ್ದಯ್ಯ ಅಲ್ಲೇ ತೋರಿಸಿದ. ಕಿತ್ತುಬಂದ ಬುಡದ ಪಡುವಣ ಮಗ್ಗುಲಲ್ಲಿ ಬೇರುಗಳು ಇದ್ದಿಲಿನ ಹಾಗೆ ಕರ್ರಗೆ, ಬೆರಳಿಟ್ಟರೆ ಉದುರುವಂತಿದ್ದವು. ಮೂಡಣದ ಬೇರುಗಳು ಮಾತ್ರ ಹಸಿಯಾಗಿದ್ದವು.

"ನೋಡ್ರವ್ವ," ಅಂದ, "ನಾವೇ ಬೇಯ್ಸಿದ್ದು ಇದ. ಅರ್ಸ್ನ ಬೇಯ್ಸ್ತೀವಿ ಅಂತ ಬೇರ್ನೂ ಬೇಯ್ಸಿದ್ದೀವಿ. ಎಲೆ ಅಸ್ರಾಗಿತ್ತಲ್ಲ, ಯಾರ್ಗೆ ಗೊತ್ತಾಯ್ತದೆ? ಈಚೆ ಕಾಲಲ್ಲಿ ಮಾತ್ರ ನಿಂತಿತ್ತು ಪಾಪ. ನೆಲ ಅಸಿ ಆಯ್ತು, ಇಡ್ತ ತಪ್ತು."

ಹುಲ್ಲು ಬೆಳೆಯದ್ದನ್ನೇ ಒಳ್ಳೆಯ ಜಾಗದ ಗುರುತು ಎಂದುಕೊಂಡಿದ್ದೆವು ನಾವು. ಈಗ ಯಾರಾದರೂ ಮರಕ್ಕೆ ಜೋಲಿ ಕಟ್ಟುತ್ತೇವೆ ಎಂದರೆ, ಆ ಬುಡದಲ್ಲಿ ಹಿಂದೆ ಏನು ಮಾಡುತ್ತಿದ್ದರು ಎಂದು ಮೊದಲು ಕೇಳುತ್ತೇನೆ. ಒಲೆ ಹಾಕಿದ್ದರೇ, ಗುಂಡಿ ತೆಗೆದಿದ್ದರೇ, ಪೈಪಿಗೆ ಕಾಲುವೆ ಹೊಡೆದಿದ್ದರೇ ಎಂದು. ಮೇಲೆ ಒಣಗಿದ ಕೊಂಬೆ ಇದೆಯೇ ನೋಡಿ ಎನ್ನುತ್ತೇನೆ. ಗಾಳಿ ಇಲ್ಲದಿದ್ದರೂ ಮರ ಬೀಳುತ್ತದೆ, ಇದು ನಾನು ಕಣ್ಣಾರೆ ಕಂಡದ್ದು. ಮಾದೇವ ಅಂದೇ ಮೈಸೂರಿನವರಿಗೆ ಫೋನು ಮಾಡಿ ಬರಬೇಡಿ ಅಂದ. ಅವರು ಬೇಜಾರು ಮಾಡಿಕೊಂಡರು. ಜೋಲಿಯ ಯೋಚನೆ ಅಲ್ಲಿಗೇ ನಿಂತಿತು.

ಮರದ್ದು ಹೀಗೆ ತಿಳಿಯಿತು. ಅವತ್ತು ನನ್ನ ಜಾಗದಲ್ಲಿ ಮಲಗಿದ್ದವರು ಯಾರು ಎಂಬುದು ಇವತ್ತಿಗೂ ತಿಳಿದಿಲ್ಲ.

ಮಾದೇವ ಹೇಳುವುದೇ ಬೇರೆ. ಮರ ಮೊದಲೇ ಒಂದಷ್ಟು ವಾಲಿ ಹಗ್ಗ ಸಡಿಲಾಗಿ ಜೋಲಿ ಇಳಿದಿರಬೇಕು, ನಾನು ನಿದ್ದೆಗಣ್ಣಿನಲ್ಲಿ ಪಾದ ಕಂಡಿರಬೇಕು ಎನ್ನುತ್ತಾನೆ. ಇರಬಹುದು. ಜೋಲಿ ಇಳಿದದ್ದಕ್ಕೆ ಅದು ಸರಿಹೋಗುತ್ತದೆ. ಆದರೆ ಹಗ್ಗ ಸಡಿಲಾದರೆ ಬಟ್ಟೆ ಜೋತುಬೀಳುತ್ತದೆ, ಮೈಯ ಆಕಾರಕ್ಕೆ ಉಬ್ಬುವುದಿಲ್ಲ. ಮತ್ತೆ ನಾನು ಮುಖ ತೊಳೆದು, ಹಲ್ಲುಜ್ಜಿ ಬಂದಿದ್ದೆ. ಮಣಿ ಮಾತ್ರ ಈಗಲೂ ಒಂದೊಂದು ಸಲ ಊಟಕ್ಕೆ ಕೂತಾಗ ಕೇಳುತ್ತಾಳೆ, "ಅತ್ಗೆ, ನಿಜ್ವಾಗ್ಲೂ ಅದು ನನ್ ಕಾಲೇನಾ?" ಎಂದು. "ನಿಂದೇ ಅನ್ಕಂಡೆ ಕಣಮ್ಮಿ" ಎನ್ನುತ್ತೇನೆ. ಅವಳಿಗೆ ಹೇಳದ ಒಂದು ವಿಷಯ ಉಂಟು. ಮಣಿಯ ಪಾದ ಸಣ್ಣದು. ಆ ಪಾದ ಅಗಲವಾಗಿತ್ತು, ಹಿಮ್ಮಡಿ ಒಡೆದಿತ್ತು, ಒಡಕಿನೊಳಗೂ ಅರಿಶಿನವಿತ್ತು. ಅದನ್ನು ಅವತ್ತೇ ಕಂಡೆನೋ, ನೆನೆದು ನೆನೆದು ಆಮೇಲೆ ಸೇರಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ.

ಅಡುಗೆ ಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ದಿನದ ಸಂಗತಿ ಗೀಚಿಡುವುದು ನನ್ನ ರೂಢಿ. ಸಿಲಿಂಡರ್ ಬಂದದ್ದು, ಯಾರ ರವಿಕೆ ಎಂದಿಗೆ ಕೊಡಬೇಕು, ಮಳೆ ಬಂತೋ ಇಲ್ಲವೋ. ಅವತ್ತು ಬೇಗೂರಿಗೆ ತಿರುಗಿ ಬಂದು, ಕೈಗೆ ಬಟ್ಟೆ ಸುತ್ತಿಕೊಂಡು, ಆ ಶನಿವಾರದ ಚೌಕದಲ್ಲಿ ಬರೆದೆ: "ಬೇವು ಬಿತ್ತು. ಮೂವರೂ ಕ್ಷೇಮ." ಬರೆದು ಪೆನ್ನು ಮುಚ್ಚುವಾಗ ಜೋಲಿಯಲ್ಲಿ ಮಲಗಿದ್ದವರ ನೆನಪಾಯಿತು. ಮೂವರೂ ಎಂಬುದನ್ನು ಹೊಡೆದುಹಾಕಲೇ ಎಂದು ಬಹಳ ಹೊತ್ತು ನಿಂತಿದ್ದೆ. ಹೊಡೆದುಹಾಕಿದರೆ ಅಲ್ಲಿ ಏನು ಬರೆಯಬೇಕು ಎಂದು ತಿಳಿಯಲಿಲ್ಲ. ಆ ಹಾಳೆಯನ್ನು ಹರಿದಿಟ್ಟುಕೊಂಡಿದ್ದೇನೆ. ಇವತ್ತಿಗೂ ತಿಳಿದಿಲ್ಲ.